ಇಂಗ್ಲಿಷ್ ಸ್ಪೆಲಿಂಗ್ ಉರು ಹೊಡಿಸ್ಬೇಡಿ, ಗುಂಪು ಕಟ್ಟಿಸಿ

ಮನೇಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್ ಅನ್ನೋ ಮಕ್ಳಿರೋ ಅಪ್ಪ ಅಮ್ಮಂದಿರಿಗೆ ಇದು. ಡೈರಿಲಿ ಡಿಕ್ಟೇಷನ್ ವರ್ಡ್ಸ್ ಅಂತ ಒಂದು ಲಿಸ್ಟ್ ಬರತ್ತೆ, ಅದ್ರಲ್ಲಿರೋ ಪದಗಳಿಗೆ ಒಂದಕ್ಕೊಂದು ಸಂಬಂಧನೇ ಇರಲ್ಲ, ಎಲಿಫೆಂಟ್ ಪಕ್ಕ ಎನಫ್, ಅದರ ಪಕ್ಕ ಸ್ಟೇಷನ್. ಮಗು ರಾತ್ರಿ "ಇ ಎನ್ ಓ ಯು ಜಿ ಎಚ್, ಎನಫ್" ಅಂತ ರಾಗವಾಗಿ ಹೇಳ್ಕೊಂಡು ಮಲಗತ್ತೆ, ಬೆಳಿಗ್ಗೆ ಹೋಗಿ ಇ-ಎನ್-ಯು-ಎಫ್ ಅಂತ ಬರ್ದು ಬರತ್ತೆ. ದಯವಿಟ್ಟು ಬೈಬೇಡಿ. ಕನ್ನಡದ ಲೆಕ್ಕದಲ್ಲಿ ಅದು ಸರಿಯಾಗೇ ಬರ್ದಿದೆ, ನಾವು ಕಿವಿಗೆ ಕೇಳಿದ್ದನ್ನ ಬರೆಯೋ ಜನ, ಆ ಮಗುನೂ ಅದನ್ನೇ ಮಾಡಿದೆ ಅಷ್ಟೇ.

ನಾನು ಬೆಂಗಳೂರಿನ ಹನುಮಂತನಗರದಲ್ಲಿ ಮನೇಲೇ ಟ್ಯೂಷನ್ ಮಾಡ್ತೀನಿ, ಮೂರನೇ ಕ್ಲಾಸಿಂದ ಹತ್ತನೇ ಕ್ಲಾಸ್ ತನಕ. ನನ್ನ ದಾರಿ ಒಂದೇ, ಪದಗಳನ್ನ ಒಂದೊಂದಾಗಿ ಕಲಿಸೋದಿಲ್ಲ, ಒಂದೇ ಅಕ್ಷರಗಳ ಸಾಲು ಯಾವ್ಯಾವ ಪದದಲ್ಲಿ ಇದ್ಯೋ ಅವನ್ನೆಲ್ಲ ಒಂದು ಪೇಜಲ್ಲಿ ಕೂರಿಸ್ತೀನಿ. ಆಮೇಲೆ ಆ ಪೇಜೊಳಗೆ ಉಚ್ಚಾರಣೆ ಪ್ರಕಾರ ಕಂಬ, ಅಂದ್ರೆ ಕಾಲಂ, ಹಾಕ್ಸಿ ಬೇರೆ ಮಾಡಿಸ್ತೀನಿ. ಅಕ್ಷರಕ್ಕೆ ಪೇಜು, ಶಬ್ದಕ್ಕೆ ಕಂಬ, ಇಷ್ಟೇ. ಹೇಗೆ ಅಂತ ಕೆಳಗೆ ಬರ್ದಿದೀನಿ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಿ ಇಂಗ್ಲಿಷ್ ಪದಗಳನ್ನೂ ಬೇಕಂತಲೇ ಕನ್ನಡದಲ್ಲೇ ಬರ್ದಿದೀನಿ. ನೀವು ಇದನ್ನ ಓದೋವಾಗ ಒಂದು ಪೆನ್ಸಿಲ್ ಇಟ್ಕೊಂಡು ಪ್ರತಿ ಪದನೂ ಇಂಗ್ಲಿಷಲ್ಲಿ ಬರ್ಕೊಳಿ. ಎಲ್ಲಿ ಕೈ ನಿಲ್ಲತ್ತೋ ಅಲ್ಲೇ ಮಗುಗೂ ಕಷ್ಟ ಆಗೋದು, ಅದು ನಿಮಗೆ ಗೊತ್ತಾಗ್ಬೇಕು.

ಬೇಕಾಗಿರೋದು ಒಂದು ಲಾಂಗ್ ಬುಕ್, ರೂಲ್ಡ್ ಆದ್ರೆ ಸಾಕು, ಎರಡು ಬಣ್ಣದ ಪೆನ್ನು. ಗುಂಪಿನ ಅಕ್ಷರಗಳು ಮಾತ್ರ ಕೆಂಪಲ್ಲಿ, ಮಿಕ್ಕಿದ್ದು ನೀಲಿಲಿ. ಆಪ್ ಗೀಪ್ ಏನೂ ಬೇಡ, ಕೈಯಲ್ಲಿ ಬರೀಬೇಕು, ಫೋನಲ್ಲಿ ಟೈಪ್ ಮಾಡಿದ್ರೆ ಎರಡಕ್ಷರ ಹಾಕೋದ್ರೊಳಗೆ ಕೀಬೋರ್ಡೇ ಪದ ತುಂಬ್ಸ್ಬಿಡತ್ತೆ, ಮಗು ಕಲ್ಯೋದೇನು ಬಂತು.

ಮೊದಲನೇ ಪೇಜು ಯಾವತ್ತೂ ಮೋಸ ಮಾಡದೇ ಇರೋ ಗುಂಪೇ ಆಗಿರ್ಲಿ. ಐ-ಜಿ-ಎಚ್-ಟಿ ತಗೊಳಿ. ಲೈಟ್, ನೈಟ್, ಫೈಟ್, ಟೈಟ್, ಸೈಟ್ ಅಂದ್ರೆ ನೋಟ (ನಾವು ಬಿಡಿಎ ಹತ್ರ ತಗೊಳೋ ಸೈಟ್ ಬೇರೆ, ಅದು ಎಸ್-ಐ-ಟಿ-ಇ, ಮಕ್ಕಳು ಇದನ್ನ ಕೇಳೇ ಕೇಳ್ತಾರೆ), ಬಲಗಡೆ ಅನ್ನೋ ರೈಟ್, ಬ್ರೈಟ್, ಫ್ಲೈಟ್, ಡಿಲೈಟ್, ಟುನೈಟ್. ಎಲ್ಲಾ ಕಡೆನೂ ಐಟ್, ಒಂದೇ ಶಬ್ದ. ಒಂದು ಸ್ಪೆಲಿಂಗ್ ಕಲಿತ್ರೆ ಹತ್ತು ಬಂತು ಅಂತ ಮಗು ಮುಖ ಅರಳತ್ತೆ, ಅದೇ ನಮಗೆ ಬೇಕಾಗಿರೋದು. ಅದರಲ್ಲಿ ಡಿಲೈಟ್ ಮಾತ್ರ ಕಳ್ಳದಾರಿಲಿ ನುಗ್ಗಿರೋದು, ಅದು ಫ್ರೆಂಚಿಂದ ಬಂದ ಪದ, ಅದಕ್ಕೆ ಮೊದಲು ಜಿ-ಎಚ್ ಇರ್ಲೇ ಇಲ್ಲ, ಲೈಟ್ ನೋಡಿ ಇದಕ್ಕೂ ಹಾಗೇ ಬರೆಯೋಕೆ ಶುರು ಮಾಡಿದ್ರು, ಹಾಗೇ ಉಳ್ಕೊಂಡ್ಬಿಡ್ತು.

ಇದರ ಪಕ್ಕದ ಮನೆ ಇ-ಐ-ಜಿ-ಎಚ್, ಐಗಿಂತ ಮುಂಚೆ ಇ ಬಂದ್ರೆ ಈ ಗುಂಪಿಗೆ ಸೇರ್ಸಿ. ಏಯ್ಟ್, ವೇಯ್ಟ್ ಅಂದ್ರೆ ತೂಕ, ಫ್ರೈಟ್ ಅಂತ ನಮ್ಮೋರು ಹೇಳೋ ಫ್ರೇಯ್ಟ್ ಅಂದ್ರೆ ಸರಕು, ನೇಬರ್. ಎಲ್ಲಾ ಏ ಶಬ್ದ. ಇದರಲ್ಲಿ ಕೈ ಕೊಡೋದು ಹೈಟ್. ಫ್ಲೈಓವರ್ ಕೆಳಗೆ, ಬೇಸ್‌ಮೆಂಟ್ ಪಾರ್ಕಿಂಗ್ ಬಾಗಿಲಲ್ಲಿ ಹಳದಿ ಕಪ್ಪು ಪಟ್ಟೆ ಹೊಡೆದ ಕಂಬಿ ಮೇಲೆ ಈ ಪದ ಬರ್ದಿರತ್ತಲ್ಲ, ಅಲ್ಲಿ ಗಾಡಿ ನಿಧಾನ ಮಾಡಿದಾಗ ಮಗುಗೆ ತೋರ್ಸಿ, "ವೇಯ್ಟ್ ಥರನೇ ಬರೀಬೇಕು, ಆದ್ರೆ ಹೈಟ್ ಅನ್ಬೇಕು" ಅಂತ.

ಈಗ ದೊಡ್ಡದು. ಓ-ಯು-ಜಿ-ಎಚ್. ಒಂದೇ ಇನಿಷಿಯಲ್ ಇರೋ ಅಣ್ಣ ತಮ್ಮಂದ್ರು, ಸ್ವಭಾವ ಒಬ್ಬೊಬ್ರದ್ದು ಒಂದೊಂದು. ಇದಕ್ಕೆ ಎದುರುಬದುರು ಎರಡು ಪೇಜ್ ಬಿಡಿ, ಕಂಬಗಳು ಜಾಸ್ತಿ ಬೇಕಾಗತ್ತೆ.

ಮೊದಲನೇ ಕಂಬ ಅಫ್: ಟಫ್, ರಫ್, ಎನಫ್. "ಎಕ್ಸಾಂ ಟಫ್, ರಫ್ ಬುಕ್ ಎನಫ್ ಇಲ್ಲ" ಅಂತ ಒಂದು ವಾಕ್ಯ ಕಟ್ಕೊಡಿ, ಮೂರೂ ಒಂದೇ ಉಸಿರಲ್ಲಿ ನೆನಪಿರತ್ತೆ. ಎರಡನೇದು ಆಫ್: ಕಾಫ್, ಟ್ರಾಫ್. ಕಾಫ್ ಅಂದ್ರೆ ಕೆಮ್ಮು, ಮನೇಲಿರೋ ಸಿರಪ್ ಬಾಟ್ಲಿ ಮೇಲೇ ಇದೆ ತೋರ್ಸಿ. ಟ್ರಾಫ್ ಮಳೆಗಾಲದಲ್ಲಿ ಇಂಗ್ಲಿಷ್ ಪೇಪರಲ್ಲಿ ಬರತ್ತೆ, ಬೇ ಆಫ್ ಬೆಂಗಾಲಲ್ಲಿ ಟ್ರಾಫ್ ಆಗಿದೆ, ಬೆಂಗಳೂರಲ್ಲಿ ಮಳೆ ಅಂತ. ಮೂರನೇದು ಓ: ದೋ, ಆಲ್ದೋ, ಡೋ. ಡೋ ಅಂದ್ರೆ ಕಲಸಿದ ಹಿಟ್ಟು, ಈಗ ಇಂದಿರಾನಗರ, ಜಯನಗರ ಎಲ್ಲಿ ನೋಡಿದ್ರೂ ಸೋರ್‌ಡೋ ಅಂತ ಬೋರ್ಡಿರೋದ್ರಿಂದ ಈ ಪದ ಕಲಿಸೋದು ನನಗೆ ಸುಲಭ ಆಗಿದೆ, ಆ ಬ್ರೆಡ್ ರೇಟ್ ಬಗ್ಗೆ ಮಾತಾಡೋದ್ ಬೇಡ. ನಾಲ್ಕನೇದು ಊ: ಥ್ರೂ, ಒಂದೇ ಒಂದು. ಐದನೇದು ಔ: ಪ್ಲೌ ಅಂದ್ರೆ ನೇಗಿಲು, ಬೌ ಅಂದ್ರೆ ಮರದ ಕೊಂಬೆ, ಡ್ರೌಟ್ ಅಂದ್ರೆ ಬರಗಾಲ. ನೇಗಿಲು, ಕೊಂಬೆ, ಬರ, ಮೂರೂ ಹೊಲದ ಕಡೆ ಪದ ಅಂತ ಹೇಳಿದ್ರೆ ಸಾಕು, ಒಟ್ಟಿಗೆ ಕೂತ್ಕೊಳತ್ತೆ. ಆರನೇದು ಥರೋ (ಪೂರ್ತಿಯಾದ), ಬರೋ (ಪಟ್ಟಣ) ಅನ್ನೋ ಥರದ್ದು, ಚಿಕ್ಕ ಮಕ್ಕಳಿಗೆ ಥರೋ ಒಂದೇ ಸಾಕು. ಹಿಕ್ಕಪ್‌ಗೂ ಇನ್ನೊಂದು ಸ್ಪೆಲಿಂಗಲ್ಲಿ ಕೊನೆಗೆ ಇದೇ ಓ-ಯು-ಜಿ-ಎಚ್ ಇದೆ, ಈಗ ಯಾರೂ ಜಾಸ್ತಿ ಬಳಸಲ್ಲ, ಯು-ಪಿ ಅಂತಲೇ ಕಲಿಸಿ.

ಏಳನೇ ಕಂಬ ಆಟ್ ಅನ್ನೋದು, ಇದಕ್ಕೆ ಸ್ವಲ್ಪ ಟೈಂ ಕೊಡಿ, ಯಾಕಂದ್ರೆ ಪರೀಕ್ಷೇಲಿ ಜಾಸ್ತಿ ಬರೋದು ಇವೇ. ಬಾಟ್, ಬ್ರಾಟ್, ಥಾಟ್, ಫಾಟ್, ಸಾಟ್. ಬಾಟ್ ಮತ್ತೆ ಬ್ರಾಟ್ ಅದಲು ಬದಲು ಮಾಡದೇ ಇರೋ ಮಗುನ ನಾನು ನೋಡೇ ಇಲ್ಲ. ಇದಕ್ಕೆ ಉಪಾಯ ಏನಂದ್ರೆ, ಕೊಂಡ್ಕೊಳೋ ಬೈ ಅನ್ನೋದ್ರಲ್ಲಿ ಆರ್ ಇಲ್ಲ, ಅದಕ್ಕೆ ಬಾಟ್‌ನಲ್ಲೂ ಆರ್ ಇಲ್ಲ, ಬ್ರಿಂಗ್‌ನಲ್ಲಿ ಆರ್ ಇದೆ, ಅದಕ್ಕೆ ಬ್ರಾಟ್‌ನಲ್ಲೂ ಇದೆ. ಇದೇ ಶಬ್ದದಲ್ಲಿ ಇನ್ನೊಂದು ಗುಂಪು ಬಂದು ತಲೆ ಕೆಡ್ಸತ್ತೆ, ಎ-ಯು-ಜಿ-ಎಚ್: ಕಾಟ್, ಟಾಟ್, ಡಾಟರ್, ನಾಟಿ. ಓ ಹಾಕ್ಬೇಕಾ ಎ ಹಾಕ್ಬೇಕಾ ಅಂತ ಮಗು ಪೆನ್ಸಿಲ್ ಕಚ್ಕೊಂಡು ಕೂರತ್ತೆ. ಮೂಲ ಪದ ನೋಡೋಕೆ ಹೇಳಿ. ಕ್ಯಾಚ್‌ನಲ್ಲಿ ಎ ಇದೆ, ಟೀಚ್‌ನಲ್ಲಿ ಎ ಇದೆ, ಅದಕ್ಕೆ ಕಾಟ್, ಟಾಟ್ ಎರಡಕ್ಕೂ ಎ-ಯು. ಬೈ, ಬ್ರಿಂಗ್, ಥಿಂಕ್, ಫೈಟ್, ಸೀಕ್, ಯಾವ್ದ್ರಲ್ಲೂ ಎ ಇಲ್ಲ, ಅದಕ್ಕೆ ಅವೆಲ್ಲ ಓ-ಯು. ಇದು ಒಂದ್ಸಲ ತಲೆಗೆ ಹೋದ್ರೆ ದೊಡ್ಡವರಾದ್ಮೇಲೂ ಆಫೀಸ್ ಮೇಲ್ ಬರೆಯೋವಾಗ ಕೆಲ್ಸಕ್ಕೆ ಬರತ್ತೆ. ಎ-ಯು-ಜಿ-ಎಚ್ ಪೇಜಲ್ಲೂ ಒಂದು ಬಂಡಾಯ ಇದೆ, ಲಾಫ್. ಅದರ ಜೊತೆಗಾರ ಡ್ರಾಫ್ಟ್, ಎಂಜಿ ರೋಡ್ ಕಡೆ ಪಬ್‌ಗಳ ಬೋರ್ಡಲ್ಲಿ ಬಿಯರ್ ಹಿಂದೆ ಇರತ್ತಲ್ಲ ಅದು, ಮಗುಗೆ ಎಕ್ಸಾಂಪಲ್ ಹೇಳೋಕೆ ಹೋಗ್ಬೇಡಿ ಅಷ್ಟೇ.

ಇಷ್ಟಾದ್ಮೇಲೆ ನೋಡೋಕೆ ಒಂದೇ ಥರ ಇರೋ ಐದು ಪದಗಳ ಏಣಿ ಹಾಕ್ಸಿ. ಟಿ-ಓ-ಯು-ಜಿ-ಎಚ್ ಬರ್ಸಿ, ಟಫ್. ಟಿ ಆದ್ಮೇಲೆ ಒಂದು ಎಚ್ ತೂರ್ಸಿ, ದೋ. ಆ ಎಚ್ ಆದ್ಮೇಲೆ ಒಂದು ಆರ್ ತೂರ್ಸಿ, ಥ್ರೂ. ಎಚ್‌ಗೂ ಆರ್‌ಗೂ ಮಧ್ಯ ಒಂದು ಓ ಇಡಿ, ಥರೋ. ಈಗ ವಾಪಸ್ ದೋ ಹತ್ರ ಬಂದು ಕೊನೆಗೆ ಒಂದು ಟಿ ಅಂಟ್ಸಿ, ಥಾಟ್. ಪ್ರತಿ ಸಲ ಸೇರ್ಸಿದ ಅಕ್ಷರ ಮಾತ್ರ ಕೆಂಪಲ್ಲಿ ಇರ್ಲಿ. ಒಂದೊಂದೇ ಅಕ್ಷರ ಬರ್ತಾ ಬರ್ತಾ ಪದ ಬದಲಾಗೋದು ಕಣ್ಣೆದುರೇ ಕಾಣತ್ತೆ, ಐದು ಪದನೂ ಬೇರೆ ಬೇರೆ ಉರು ಹೊಡಿಯೋದಕ್ಕಿಂತ ಇದು ಎಷ್ಟೋ ವಾಸಿ.

ಆದ್ರೆ ಎಲ್ಲಾ ಕಂಬನೂ ಒಂದೇ ದಿನ ಮಾಡಿಸ್ಬೇಡಿ ಮಾರಾಯ್ರೇ. ಒಂದು ಕಂಬ ಗಟ್ಟಿ ಆಗ್ಲಿ, ಕೇಳಿದ ತಕ್ಷಣ ಬರೆಯೋ ಹಾಗಾಗ್ಲಿ, ಆಮೇಲೆ ಮುಂದಿಂದು. ಟಫ್, ಕಾಫ್ ಎರಡೂ ಒಟ್ಟಿಗೆ ಹೊಸದಾಗಿ ಹೇಳ್ಕೊಟ್ರೆ ಮಗು ಕಫ್, ಟಾಫ್ ಅಂತ ಓದೋಕೆ ಶುರು ಮಾಡತ್ತೆ.

ಇಲ್ಲಿಗೆ ಬರೋಷ್ಟ್ರಲ್ಲಿ ಚೂಟಿ ಮಕ್ಕಳು ಕೇಳೋ ಪ್ರಶ್ನೆ ಒಂದಿದೆ. "ಮಿಸ್, ಜಿ ಎಚ್ ಯಾರೂ ಹೇಳೋದೇ ಇಲ್ವಲ್ಲ, ಮತ್ತೆ ಯಾಕ್ ಬರೀಬೇಕು?" ಸುಮ್ನೆ ಬರಿ ಅಂತ ಗದರಿಸ್ಬೇಡಿ, ಇದಕ್ಕೆ ಉತ್ತರ ಇದೆ. ಒಂದು ಕಾಲದಲ್ಲಿ ಅದನ್ನ ಹೇಳ್ತಿದ್ರು. ಗಂಟಲಿಂದ ಖರ್ ಅಂತ ಬರೋ ಒಂದು ಶಬ್ದ, ಜರ್ಮನ್ನರು ಈಗ್ಲೂ ರಾತ್ರಿಗೆ ನಾಖ್ಟ್ ಅಂತಾರಲ್ಲ, ಹೆಚ್ಚು ಕಮ್ಮಿ ಅದೇ. ಹಳೇ ಇಂಗ್ಲಿಷಲ್ಲಿ ಆ ಶಬ್ದಕ್ಕೆ ಬರೀ ಎಚ್ ಬರೀತಿದ್ರು, 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಬರವಣಿಗೆಯೋರ ಪದ್ಧತಿ ಬದಲಾಗ್ತಾ ಜಿ-ಎಚ್ ಬಂತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಅನ್ನೋನು ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟ, ಅಚ್ಚಾದ ಪುಸ್ತಕ ಜಾಸ್ತಿ ಆಗ್ತಾ ಆಗ್ತಾ ಸ್ಪೆಲಿಂಗು ಗಟ್ಟಿ ಆಗೋಕೆ ಶುರುವಾಯ್ತು, ಆದ್ರೆ ಜನರ ಬಾಯಿ ನಿಲ್ಲತ್ತಾ, ಅದು ಬದಲಾಗ್ತಾನೇ ಹೋಯ್ತು. ಕೆಲವು ಪದದಲ್ಲಿ ಆ ಗಂಟಲ ಶಬ್ದ ಮಾಯ ಆಯ್ತು, ಇನ್ನು ಕೆಲವು ಪದದಲ್ಲಿ ಫ್ ಆಯ್ತು. ಅಚ್ಚಲ್ಲಿ ಮಾತ್ರ ಜಿ-ಎಚ್ ಹಾಗೇ ಕೂತಿದೆ.

ಸ್ವಲ್ಪ ದೊಡ್ಡ ಮಕ್ಳಾದ್ರೆ ಕನ್ನಡದ್ದೇ ಉದಾಹರಣೆ ಕೊಡ್ತೀನಿ. ಹಳಗನ್ನಡದಲ್ಲಿ ಱ, ೞ ಅಂತ ಎರಡು ಅಕ್ಷರ ಇತ್ತು, ಏಳು ಅನ್ನೋದನ್ನ ಏೞು ಅಂತ, ಬಾಳೆನ ಬಾೞೆ ಅಂತ ಬರೀತಿದ್ರು. ನಾವು ಆ ಶಬ್ದ ಬಾಯಿಂದ ಹೋದ್ಮೇಲೆ ಅಕ್ಷರನೂ ಕೈಬಿಟ್ವಿ. ಅವ್ರು ಶಬ್ದ ಬಿಟ್ರು, ಅಕ್ಷರ ಬಿಡ್ಲಿಲ್ಲ. ಅಮೆರಿಕಾದವ್ರು ಅಲ್ಲಿ ಇಲ್ಲಿ ಸ್ವಲ್ಪ ಬಿಟ್ಟಿದಾರೆ, ಪ್ಲೌ ಅನ್ನೋದನ್ನ ಪಿ-ಎಲ್-ಓ-ಡಬ್ಲ್ಯೂ ಅಂತ ಬರೀತಾರೆ, ನಮ್ ಸ್ಕೂಲುಗಳಲ್ಲಿ ಸಾಮಾನ್ಯವಾಗಿ ಬ್ರಿಟಿಷ್ ಸ್ಪೆಲಿಂಗೇ ಇರೋದ್ರಿಂದ ಮಗು ಯೂಟ್ಯೂಬ್ ನೋಡಿ ಕಲರ್‌ನಲ್ಲಿ ಯು ಬಿಟ್ಟು ಬರೆದ್ರೆ ತಪ್ಪಲ್ಲ ಕಣೋ, ಆದ್ರೆ ಇಲ್ಲಿ ಹಾಕು ಅಂತ ಹೇಳಿ.

ಇ-ಎ-ಆರ್ ಪೇಜು ಇನ್ನೊಂದು ಮಜಾ. ಮೊದಲ ಕಂಬ ಇಯರ್: ಹಿಯರ್, ನಿಯರ್, ಫಿಯರ್, ಇಯರ್ ಅಂದ್ರೆ ವರ್ಷ, ಕ್ಲಿಯರ್, ಬಿಯರ್ಡ್. ಕೇಳೋ ಹಿಯರ್‌ನೊಳಗೆ ಕಿವಿ ಇದೆ, ಎಚ್ ಮುಚ್ಚಿ ತೋರ್ಸಿ, ಇಲ್ಲಿ ಅನ್ನೋ ಹಿಯರ್ ಜೊತೆ ಆಮೇಲೆ ಗೊಂದಲ ಆಗಲ್ಲ. ಎರಡನೇ ಕಂಬ ಏರ್: ಕರಡಿ ಅನ್ನೋ ಬೇರ್, ಪೇರ್ ಹಣ್ಣು, ವೇರ್ ಅಂದ್ರೆ ಬಟ್ಟೆ ಹಾಕ್ಕೊಳೋದು, ಸ್ವೇರ್. ಮೂರನೇದು ಅರ್: ಅರ್ಲಿ, ಲರ್ನ್, ಅರ್ನ್, ಅರ್ಥ್, ಪರ್ಲ್, ಸರ್ಚ್, ಹರ್ಡ್. ಇದಕ್ಕೆ ನಮ್ ಟ್ಯೂಷನ್ ಮಕ್ಕಳ ವಾಕ್ಯ ಇದು, "ಅರ್ಲಿ ಎದ್ದು ಲರ್ನ್ ಮಾಡಿ ಅರ್ನ್ ಮಾಡಿದ್ರೆ ಈ ಅರ್ಥ್ ಮೇಲೆ ಪರ್ಲ್ ಸರ ಸರ್ಚ್ ಮಾಡ್ಬಹುದು", ಅರ್ಥ ಸರಿ ಇಲ್ಲ ಅಂತ ತಿದ್ದೋಕೆ ಹೋಗ್ಬೇಡಿ, ಹುಚ್ಚುಚ್ಚಾಗಿದ್ರೇನೇ ಮಕ್ಳಿಗೆ ನೆನಪಿರೋದು. ಹಾರ್ಟ್ ಒಂದು ಬೇರೆ. ಟಿ-ಇ-ಎ-ಆರ್ ಮಾತ್ರ ಎರಡು ಕಂಬದಲ್ಲೂ ಬರತ್ತೆ, ಕಣ್ಣೀರಾದ್ರೆ ಟಿಯರ್, ಹರಿಯೋದಾದ್ರೆ ಟೇರ್. ಇ-ಎ-ಡಿ ಪೇಜೂ ಹೀಗೇ, ಬ್ರೆಡ್, ಹೆಡ್, ಥ್ರೆಡ್, ಸ್ಪ್ರೆಡ್ ಒಂದು ಕಡೆ, ಬೀಡ್, ಪ್ಲೀಡ್ ಇನ್ನೊಂದು ಕಡೆ, ರೀಡ್ ಮತ್ತೆ ಲೀಡ್ ಎರಡೂ ಕಡೆ. ನೀವೇ ಮಾಡ್ಕೋತೀರ.

ಟಿ-ಐ-ಓ-ಎನ್ ಬಗ್ಗೆ ಮಾತ್ರ ಬಿಡೋ ಹಾಗಿಲ್ಲ. ನಾವು ದಿನಾ ಆಡೋ ಕನ್ನಡದಲ್ಲೇ ಎಷ್ಟಿದೆ ನೋಡಿ, ಸ್ಟೇಷನ್, ರೇಷನ್, ಜಂಕ್ಷನ್, ಎಲೆಕ್ಷನ್, ಟ್ಯೂಷನ್, ಡೊನೇಷನ್. ಮಗುಗೆ ಅರ್ಥ ಹೇಳೋದೇ ಬೇಡ, ಬರೆಯೋದು ಹೇಳ್ಕೊಟ್ರೆ ಆಯ್ತು. ಆದ್ರೆ ಷನ್ ಅಂತ ಕೇಳಿದ ಕಡೆಯೆಲ್ಲ ಟಿ-ಐ-ಓ-ಎನ್ ಅಲ್ಲ, ಮೂರು ಕಡೆ ಎಚ್ಚರ. ಕೆಲಸ ಮಾಡೋ ಮನುಷ್ಯ ಆಗಿದ್ರೆ ಸಿ-ಐ-ಎ-ಎನ್: ಎಲೆಕ್ಟ್ರಿಷಿಯನ್, ಟೆಕ್ನಿಷಿಯನ್, ಮ್ಯುಸಿಷಿಯನ್, ಮೆಜಿಷಿಯನ್, ಪೊಲಿಟಿಷಿಯನ್, ಬ್ಯೂಟಿಷಿಯನ್. ಎಲೆಕ್ಟ್ರಿಕ್, ಮ್ಯೂಸಿಕ್, ಮ್ಯಾಜಿಕ್ ಇವೆಲ್ಲ ಸಿಯಲ್ಲೇ ಮುಗಿಯತ್ತಲ್ಲ, ಆ ಸಿ ಹಾಗೇ ಉಳ್ಕೊಂಡಿರೋದು. ಡಯಟೀಷಿಯನ್ ಮಾತ್ರ ಟಿ ಹಾಕಿ ಬರೆಯೋದೇ ಹೆಚ್ಚು. ಮಿಟ್ ಅಂತ ಮುಗಿಯೋ ಪದ ಆಗಿದ್ರೆ ಡಬಲ್ ಎಸ್: ಅಡ್ಮಿಟ್ ಅಡ್ಮಿಷನ್, ಪರ್ಮಿಟ್ ಪರ್ಮಿಷನ್, ಸಬ್ಮಿಟ್ ಸಬ್ಮಿಷನ್. ಮೂಲ ಪದ ಡಿಯಲ್ಲಿ ಮುಗಿದ್ರೆ ಹೆಚ್ಚಾಗಿ ಒಂದೇ ಎಸ್: ಎಕ್ಸ್‌ಟೆಂಡ್ ಎಕ್ಸ್‌ಟೆನ್ಷನ್, ಸಸ್ಪೆಂಡ್ ಸಸ್ಪೆನ್ಷನ್, ಎಕ್ಸ್‌ಪ್ಯಾಂಡ್ ಎಕ್ಸ್‌ಪ್ಯಾನ್ಷನ್. ಹೆಚ್ಚಾಗಿ ಅಂದೆ, ಯಾಕಂದ್ರೆ ಅಟೆಂಡ್ ಅಟೆನ್ಷನ್‌ಗೆ ಟಿನೇ. ಬೆಂಗಳೂರಲ್ಲಿ ಎಷ್ಟೋ ಬಡಾವಣೆ ಹೆಸರಿನ ಕೊನೆಗೆ ಎಕ್ಸ್‌ಟೆನ್ಷನ್ ಇದೆ, ಬಿಎಂಟಿಸಿ ಬಸ್ ಕಿಟಕಿಲಿ ಕೂತ್ಕೊಂಡು ಹೋಗೋವಾಗ ಟಿ ಹಾಕಿ ಬರ್ದಿರೋ ಅಂಗಡಿ ಬೋರ್ಡು ಹುಡುಕೋ ಆಟ ಆಡ್ಸಿ, ನಿಮ್ ಏರಿಯಾದಲ್ಲೇ ಸಿಗತ್ತೆ ನೋಡಿ.

ಇಲ್ಲೀತನಕ ಹೇಳಿದ್ದು ಕಣ್ಣಿಗೆ ಕಾಣೋ ಗುಂಪು. ಇನ್ನೊಂದು ಥರ ಇದೆ, ಅಕ್ಷರಗಳ ಜೊತೆಗೆ ಅರ್ಥನೂ ಹಂಚ್ಕೊಂಡಿರೋದು. ನನಗೆ ಇವೇ ಜಾಸ್ತಿ ಇಷ್ಟ, ಹೈಸ್ಕೂಲ್ ಮಕ್ಕಳಿಗೆ ಇದನ್ನೇ ಜಾಸ್ತಿ ಮಾಡಿಸ್ತೀನಿ. ಎರಡು ಅನ್ನೋ ಟೂ ಒಳಗೆ ಡಬ್ಲ್ಯೂ ಯಾಕಿದೆ? ಟ್ವೈಸ್, ಟ್ವೆಲ್ವ್, ಟ್ವೆಂಟಿ, ಟ್ವಿನ್ಸ್, ಬಿಟ್ವೀನ್ ಬರ್ದು ಪಕ್ಕ ಇಡಿ, ಎಲ್ಲಾ ಕಡೆ ಎರಡರ ವಿಷಯನೇ ಇದೆ, ಎಲ್ಲಾ ಕಡೆ ಟಿ-ಡಬ್ಲ್ಯೂ ಇದೆ, ಉಳಿದ ಪದಗಳಲ್ಲಿ ಬಾಯಿಗೂ ಬರತ್ತೆ, ಟೂನಲ್ಲಿ ಮಾತ್ರ ಮೌನ. ಸೈನ್ ಒಳಗೆ ಜಿ ಯಾಕೆ? ಸಿಗ್ನಲ್, ಸಿಗ್ನೇಚರ್ ಹೇಳ್ಸಿ, ಜಿ ತಾನಾಗೇ ಕೇಳ್ಸತ್ತೆ. ಬಾಂಬ್ ಕೊನೆ ಬಿ ಬಂಬಾರ್ಡ್‌ನಲ್ಲಿ ಕೇಳ್ಸತ್ತೆ. ಎಲೆ ಉದುರೋ ಕಾಲ ಅನ್ನೋ ಆಟಂ ಕೊನೆ ಎನ್ ಆಟಮ್ನಲ್ ಅಂದಾಗ ಕೇಳ್ಸತ್ತೆ, ಕಾಲಂ ಕೊನೆ ಎನ್ ಕಾಲಮ್ನಿಸ್ಟ್ ಅಂದಾಗ. ಮೌನ ಅಕ್ಷರ ಬಂದ್ರೆ ಅದೇ ಮನೆಯ ಉದ್ದ ಪದ ಹುಡ್ಕು ಅಂತ ಹೇಳಿ, ಎಲ್ಲಾ ಸಲ ಸಿಗಲ್ಲ, ಸಿಕ್ಕಿದಾಗ ಮಾತ್ರ ಮರೆಯೋದೇ ಇಲ್ಲ.

ಪಿಯುಸಿ ಮಕ್ಕಳು, ಬ್ಯಾಂಕ್ ಎಕ್ಸಾಮಿಗೆ ಓದೋರಿಗೆ ಒಂದು ಪುಟ್ಟ ಪೇಜು: ಸೀಡ್ ಅಂತ ಮುಗಿಯೋ ಕ್ರಿಯಾಪದಗಳಲ್ಲಿ ಎಸ್-ಇ-ಡಿ-ಇ ಇರೋದು ಸೂಪರ್‌ಸೀಡ್ ಒಂದೇ. ಸಿ-ಇ-ಇ-ಡಿ ಇರೋದು ಮೂರು, ಎಕ್ಸೀಡ್, ಪ್ರೊಸೀಡ್, ಸಕ್ಸೀಡ್. ಮಿಕ್ಕಿದ್ದೆಲ್ಲ ಸಿ-ಇ-ಡಿ-ಇ, ಪ್ರಿಸೀಡ್, ರಿಸೀಡ್, ಕನ್ಸೀಡ್, ಇಂಟರ್‌ಸೀಡ್. ನಾಲ್ಕು ನೆನಪಿಟ್ರೆ ಇಡೀ ಗುಂಪು ಕೈಲಿ. ಇದಕ್ಕೆ ಹೋಲಿಸಿದ್ರೆ ಸ್ಕೂಲಲ್ಲಿ ಹೇಳ್ಕೊಡೋ "ಇ ಗಿಂತ ಮುಂಚೆ ಐ, ಸಿ ಬಂದ್ರೆ ಮಾತ್ರ ಉಲ್ಟಾ" ಅನ್ನೋ ರೂಲು ತೀರಾ ಸಡಿಲ, ಸೀಲಿಂಗ್, ರಿಸೀವ್, ರಿಸೀಟ್ ತನಕ ಸರಿ, ಸೀಜ್, ವಿಯರ್ಡ್, ಪ್ರೋಟೀನ್, ಸೈನ್ಸ್ ಬಂದ ತಕ್ಷಣ ಬಿದ್ಹೋಗತ್ತೆ. ನಾನಂತೂ ಆ ರೂಲ್ ಹೇಳೋದೇ ಬಿಟ್ಟಿದೀನಿ, ಇ-ಐ-ವಿ-ಇ ಅಂತ ಒಂದು ಪೇಜು ಹಾಕ್ಸಿ ರಿಸೀವ್, ಡಿಸೀವ್, ಪರ್ಸೀವ್, ಕನ್ಸೀವ್ ಕೂರಿಸ್ತೀನಿ.

ನಮಗೆ ಒಂದು ಲಾಭ ಇದೆ, ಅದನ್ನ ಯಾರೂ ಬಳಸ್ಕೊಳಲ್ಲ. ಇಂಗ್ಲಿಷ್ ಪದನ ನಾವು ಬರ್ದ ಹಾಗೇ ಓದ್ತೀವಿ ಅಂತ ಜನ ಆಡ್ಕೋತಾರಲ್ಲ, ಸ್ಪೆಲಿಂಗ್‌ಗೆ ಅದೇ ಒಳ್ಳೇದು. ಬೆಂಗಳೂರಲ್ಲಿ ಪ್ಲಂಬರ್‌ನ ಬಿ ಬಿಟ್ಟು ಕರೆಯೋರು ಎಷ್ಟು ಜನ ಇದಾರೆ ಹೇಳಿ? ಹಾಗಾಗಿ ಆ ಬಿ ನಮ್ ಮಕ್ಕಳು ಬಿಡೋದೇ ಇಲ್ಲ. ಇದನ್ನೇ ಬೇಕಂತ ಮಾಡಿ. ಬರೆಯೋವಾಗ ಮನಸ್ಸಲ್ಲಿ ಕನ್ನಡದ ಥರ ಒಡೆದು ಹೇಳ್ಕೊಳೋಕೆ ಹೇಳಿ, ವೆಡ್-ನೆಸ್-ಡೇ, ಕಪ್-ಬೋರ್ಡ್, ಕ್-ನೈಫ್, ಫ್ರೈ-ಎಂಡ್, ಬಸ್-ಐ-ನೆಸ್. ಕೈಗೆ ಒಂದು ಉಚ್ಚಾರಣೆ, ಬಾಯಿಗೆ ಒಂದು ಉಚ್ಚಾರಣೆ, ಎರಡೂ ಬೇರೆ ಅಂತ ಮಗುಗೆ ಗೊತ್ತಿದ್ರೆ ಸಾಕು, ಕ್ಲಾಸಲ್ಲಿ ಕ್ನೈಫ್ ಅನ್ನಲ್ಲ.

ಪದಗಳು ಎಲ್ಲಿಂದ ಹುಡುಕೋದು ಅಂದ್ರೆ, ಒನ್‌ಲುಕ್ ಅನ್ನೋ ಡಿಕ್ಷನರಿ ಸೈಟ್ ಇದೆ, ಅದರಲ್ಲಿ * ಹಾಕಿದ್ರೆ ಎಷ್ಟು ಅಕ್ಷರ ಬೇಕಾದ್ರೂ ಇರ್ಬಹುದು ಅಂತ, ? ಹಾಕಿದ್ರೆ ಒಂದೇ ಅಕ್ಷರ ಅಂತ. ಗುಂಪಿನ ಅಕ್ಷರ ಬರ್ದು ಶುರುಲೂ ಕೊನೆಗೂ * ಇಟ್ರೆ ಆ ಸಾಲು ಎಲ್ಲೇ ಇದ್ರೂ ಪದ ಎಳ್ಕೊಂಡು ಬರತ್ತೆ, ಕೊನೇದು ಬಿಟ್ಟು ಶುರುಲಿ ಮಾತ್ರ ಇಟ್ರೆ ಆ ಸಾಲಲ್ಲಿ ಮುಗಿಯೋವು ಬರತ್ತೆ. ಮನೇಲಿ ಸಾಫ್ಟ್‌ವೇರ್‌ನವ್ರು ಇದ್ರೆ ಮ್ಯಾಕ್‌ನಲ್ಲಿ ವರ್ಡ್ಸ್ ಅನ್ನೋ ಪದಪಟ್ಟಿ ಫೈಲ್ ಮೊದ್ಲೇ ಇರತ್ತೆ, ಗ್ರೆಪ್ ಹೊಡೀರಿ (ಫೈಲಲ್ಲಿ ಅಕ್ಷರದ ಸಾಲು ಹುಡುಕೋ ಕಮ್ಯಾಂಡ್ ಅದು) ಅನ್ನಿ, ಖುಷಿಯಾಗಿ ಮಾಡ್ಕೊಡ್ತಾರೆ. ಆದ್ರೆ ಬಂದ ಲಿಸ್ಟೆಲ್ಲ ಮಗು ಮುಂದೆ ಸುರೀಬೇಡಿ, ಅದ್ರಲ್ಲಿ ಮುಕ್ಕಾಲು ಭಾಗ ನಿಮಗೂ ಗೊತ್ತಿರಲ್ಲ. ಮಗು ಟೆಕ್ಸ್ಟ್ ಬುಕ್ಕಲ್ಲಿ, ರೋಡಲ್ಲಿ, ಬಿಸ್ಕೆಟ್ ಪ್ಯಾಕೆಟ್ ಮೇಲೆ ನಿಜವಾಗ್ಲೂ ನೋಡಿರೋ ಪದ ಮಾತ್ರ ಆರಿಸ್ಕೊಳಿ. ಚಿಕ್ಕ ಮಕ್ಕಳಿಗೆ ಇನ್ನೂ ಸುಲಭ, ಹಳೇ ಇಂಗ್ಲಿಷ್ ಪೇಪರ್ ಒಂದು ಹಾಳೆ ಕೊಟ್ಟು ಹೈಲೈಟರಲ್ಲಿ ಐ-ಜಿ-ಎಚ್-ಟಿ ಎಲ್ಲೆಲ್ಲಿದೆ ಬಳಿ ಅನ್ನಿ, ನಿಮಗೂ ಅರ್ಧ ಗಂಟೆ ಅಡುಗೆ ಮಾಡೋಕೆ ಬಿಡುವು.

ಸಿಲ್ಕ್ ಬೋರ್ಡ್ ಜಾಮಲ್ಲಿ ಕೂತಾಗ ಅಂತ್ಯಾಕ್ಷರಿ ಥರ ಆಡ್ಸಿ. ಒಬ್ರು ಗುಂಪು ಹೇಳೋದು, ಮಿಕ್ಕವ್ರು ಒಂದೊಂದು ಪದ ಹೇಳ್ತಾ ಹೋಗೋದು, ಹೇಳಿದ ಪದ ಮತ್ತೆ ಹೇಳಿದ್ರೆ ಔಟ್, ಶಬ್ದ ಒಂದೇ ಆಗಿ ಅಕ್ಷರ ಬೇರೆ ಇರೋ ಪದ ಹೇಳಿದ್ರೂ ಔಟ್. ಐ-ಜಿ-ಎಚ್-ಟಿಗೆ ಕೈಟ್ ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಹೆಚ್ಚಾಗಿ ಡ್ರೈವ್ ಮಾಡ್ತಿರೋ ಅಪ್ಪನೇ, ಅವ್ರನ್ನ ಔಟ್ ಮಾಡೋದ್ರಲ್ಲಿ ಮಕ್ಳಿಗೆ ಇರೋ ಸಂತೋಷ ಅಷ್ಟಿಷ್ಟಲ್ಲ.

ಟೆಸ್ಟ್ ಮಾಡೋವಾಗ ಪೇಜಿನ ಆರ್ಡರಲ್ಲಿ ಕೇಳ್ಬೇಡಿ, ಕಂಬ ಕಂಬ ಬೆರೆಸಿ ವಾಕ್ಯದೊಳಗೆ ಇಟ್ಟು ಕೇಳಿ, ಇಲ್ಲಾಂದ್ರೆ ಮಗು ಯೋಚ್ನೆ ಮಾಡದೇ ಬಾಲ ಒಂದೇ ಥರ ಅಂಟಿಸ್ಕೊಂಡು ಹೋಗತ್ತೆ. ತಪ್ಪಾದ ಪದನ ಐದೈದು ಸಲ ಬರಿಸ್ಬೇಡಿ, ಅದರ ಕಂಬದಲ್ಲಿ ಇರೋ ಇನ್ನೆರಡು ಪದದ ಜೊತೆ ಸೇರ್ಸಿ ಒಂದೇ ಸಲ ಬರ್ಸಿ.

ಇನ್ನು ಯಾವ ಗುಂಪಿಗೂ ಸೇರದೇ ಇರೋವು ಇದಾವೆ, ಸೈನ್ಯದ ಕರ್ನಲ್, ಯಾಟ್ ಅನ್ನೋ ದೋಣಿ, ಹಾಡೋರ ಗುಂಪು ಕ್ವಾಯರ್. ಕರ್ನಲ್‌ನಲ್ಲಿ ಆರ್ ಎಲ್ಲಿದೆ ಮಿಸ್ ಅಂತ ಕೇಳ್ತಾರೆ, ಇಲ್ಲ, ಇಲ್ಲವೇ ಇಲ್ಲ. ಲಾಂಗ್ ಬುಕ್ಕಿನ ಕೊನೇ ಪೇಜು ಇಂಥವಕ್ಕೆ ಅಂತ ಬಿಟ್ಬಿಡಿ, ಅದನ್ನ ಮಾತ್ರ ಹಳೇ ಕಾಲದ ಥರ ರಾಗವಾಗಿ ಉರು ಹೊಡಿಸಿ.